ಕ್ಲೋರಿನ್ನಿನ ಲೆಕ್ಕ



ಮೆಗ್ನೀಸಿಯಮ್ ಆಕ್ಸೈಡಿಗೆ ಲಿಥಿಯಮ್ ಕ್ಲೋರೈಡನ್ನು ಬೆರೆಸಿದ ಮೊದಲ ದಿನವೇ ಮೀಥೇನಿನಿಂದ ಎಥಿಲೀನಿನ ಇಳುವರಿ ಆಶ್ಚರ್ಯಕರವಾಗಿ ಏರಿತೆಂದು ನೀನು ಬರೆದುದನ್ನೋದಿ ನನಗಾದ ಸಂತೋಷ ಅಲ್ಪವಲ್ಲ. ಸಂತೋಷದ ಬೆನ್ನಿಗೇ ಒಂದು ಕಳವಳವೂ ಹುಟ್ಟಿತಾಗಿ, ಅದನ್ನು ನಿನಗಷ್ಟೇ ಅಲ್ಲದೆ ಈ ಹಾದಿ ಹಿಡಿದ ಎಲ್ಲ ತರುಣರಿಗೂ ತಿಳಿಸಬೇಕೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

1776ರಲ್ಲಿ ವೋಲ್ಟ ಇಟಲಿಯ ಮಜ್ಜೋರೆ ಸರೋವರದ ಕೆಸರಿನಿಂದ ಹಿಡಿದಿಟ್ಟ, ನಮ್ಮ ಹಳ್ಳಿಗಳಲ್ಲಿ ಗೋಬರ್ ಗ್ಯಾಸಿನ ಒಲೆಯಲ್ಲಿ ನೀಲಿಯಾಗಿ ಉರಿಯುವ ಮೀಥೇನು, ಸುಡಲು ಎಷ್ಟು ಸುಲಭವೋ ಅಣುವಿಗೆ ಅಣುವನ್ನು ಜೋಡಿಸಲು ಅಷ್ಟೇ ದುಸ್ಸಾಧ್ಯವಾದುದು. ಲೋಹದ ಆಕ್ಸೈಡುಗಳ ಮೇಲೆ ಅದನ್ನು ಜೋಡಿಸಬಹುದೆಂದು ಕೆಲ್ಲರ್ ಮತ್ತು ಭಾಸಿನ್ 1982ರಲ್ಲಿ ಪ್ರಕಟಿಸಿದರು. ಲಿಥಿಯಮ್ ಬೆರೆತ ಮೆಗ್ನೀಸಿಯಮ್ ಆಕ್ಸೈಡನ್ನು 1985ರಲ್ಲಿ ಮುಂದಿಟ್ಟವರು ಲನ್ಸ್‌ಫರ್ಡ್ ಮತ್ತು ಅವರ ಸಂಗಡಿಗರು. 700 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ತಾಪದಲ್ಲಿ ಆಕ್ಸೈಡಿನ ಮೇಲ್ಮೈಯ ಆಮ್ಲಜನಕವು ಮೀಥೇನಿನಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳಲು, ಉಳಿದ ಮೀಥೈಲು ಅನಿಲದೊಳಕ್ಕೆ ಹಾರಿ, ತನ್ನಂಥದೇ ಇನ್ನೊಂದರೊಡನೆ ಕೂಡಿ ಈಥೇನಾಗುತ್ತದೆ. ಆದರೆ ಹಾಗೆ ಹುಟ್ಟಿದ ಈಥೇನು ಮೀಥೇನಿಗಿಂತ ಬೇಗ ಪ್ರತಿಕ್ರಿಯಿಸುವುದರಿಂದ, ಅದರಲ್ಲಿ ಒಂದು ಪಾಲು ಉರಿದು ಇಂಗಾಲದ ಡೈಆಕ್ಸೈಡಾಗಿ ಹೋಗುತ್ತದೆ.

ಕ್ಲೋರಿನ್ನಿನ ಉಪಕಾರವಿರುವುದು ಈ ಘಟ್ಟದಲ್ಲಿ. ಮೇಲ್ಮೈಯ ಕ್ಷಾರೀಯತೆಯನ್ನು ತಗ್ಗಿಸಿ, ಡೈಆಕ್ಸೈಡು ಕಾರ್ಬೊನೇಟಾಗಿ ಅಲ್ಲಿ ನೆಲೆಯೂರದಂತೆ ಅದು ತಡೆಯುತ್ತದೆ. ಅನಿಲದಲ್ಲಿ ಬಿಡಿಯಾದ ಕ್ಲೋರಿನ್ ಪರಮಾಣು ಈಥೇನಿನ ಜಲಜನಕವನ್ನು ಸೆಳೆದುಕೊಂಡು ಎಥಿಲೀನಿನ ಪಾಲನ್ನು ಹೆಚ್ಚಿಸುತ್ತದೆ. ಆದರೆ ಲಿಥಿಯಮ್ ಕ್ಲೋರೈಡು 610 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಲವಣವೆಂಬುದನ್ನು ಮರೆಯಬೇಡ. ನಿನ್ನ ಕುಲುಮೆಯ ತಾಪದಲ್ಲಿ ಅದು ದ್ರವವಾಗಿರುತ್ತದೆ. ಆವಿಯಾಗಿಯೂ, ನೀರಾವಿಯೊಡನೆ ವರ್ತಿಸಿ ಹೈಡ್ರೋಜನ್ ಕ್ಲೋರೈಡಾಗಿಯೂ ಗಂಟೆಗಂಟೆಗೂ ನಳಿಕೆಯಿಂದ ಹೊರಬೀಳುತ್ತಿರುತ್ತದೆ.

ನಾನೂ ನಿನ್ನ ವಯಸ್ಸಿನಲ್ಲಿ ಮೊದಲ ಮೂರು ಗಂಟೆಯ ಅಂಕಿಗಳನ್ನು ಕಂಡು ಹಿಗ್ಗಿದವನೇ. ನಳಿಕೆಯ ಬಾಯಿಗೆ ಹಿಡಿದ ಒದ್ದೆಯಾದ ನೀಲಿ ಲಿಟ್ಮಸ್ ಕಾಗದವು ಕ್ಷಣದಲ್ಲಿ ಕೆಂಪೇರಿತು. ನೈಟ್ರಿಕ್ ಆಮ್ಲ ಬೆರೆಸಿದ ಸಿಲ್ವರ್ ನೈಟ್ರೇಟಿನ ತಿಳಿಯಾದ ದ್ರಾವಣದೊಳಗೆ ಅನಿಲವನ್ನು ಹಾಯಿಸಲು, ಅದು ಮಜ್ಜಿಗೆಯಂತೆ ಬೆಳ್ಳಗಾಯಿತು. ಮರುದಿನ ಇಳುವರಿ ಇಳಿದಿತ್ತು. ಇಳಿದುದೇಕೆಂಬುದು ಹಿಂದಿನ ದಿನವೇ ಆ ದ್ರಾವಣದ ಸೀಸೆಯಲ್ಲಿ ಕಾಣುತ್ತಿದ್ದಿತು.

ಒಳಹರಿವಿಗೇ ಕ್ಲೋರಿನ್ ಸಂಯುಕ್ತವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋದರೆ ಕಳೆದುದು ಒಂದಿಷ್ಟು ಮರಳಿ ಬರುವುದುಂಟು. ಆದರೆ ಮಿತಿಮೀರಿದರೆ ಕ್ರಿಯಾಸ್ಥಾನಗಳೇ ಮುಚ್ಚಿಹೋಗುತ್ತವೆ. ಹೊರಬರುವ ಆಮ್ಲವು ಉಕ್ಕಿನ ಕೊಳವೆಗಳನ್ನು ತಿನ್ನುತ್ತದೆ. ಪ್ರಯೋಗಶಾಲೆಯ ಸ್ಫಟಿಕದ ನಳಿಕೆ ಇದನ್ನು ತೋರಿಸಿಕೊಡಲಾರದು, ಕಾರ್ಖಾನೆ ತೋರಿಸುತ್ತದೆ. ಆದುದರಿಂದ ಕ್ಲೋರಿನ್ನನ್ನು ಕ್ರಿಯಾವರ್ಧಕದ ಅಂಗವೆನ್ನದೆ, ಖರ್ಚಾಗುವ ಪದಾರ್ಥವೆಂದೇ ನಾನು ಎಣಿಸುತ್ತೇನೆ.

ನಿನ್ನಲ್ಲಿ ನನ್ನ ಕೇಳಿಕೆ ಇಷ್ಟು: ಪ್ರಯೋಗವನ್ನು ಮೂರು ಗಂಟೆಗೆ ನಿಲ್ಲಿಸದೆ ಹಗಲಿರುಳು ನಡೆಸು. ಸಿಲ್ವರ್ ನೈಟ್ರೇಟಿಗೆ ಸಿಕ್ಕದ ಮೀಥೈಲ್ ಕ್ಲೋರೈಡನ್ನೂ ಅಳೆ. ಇಟ್ಟ ಕ್ಲೋರಿನ್ನೆಷ್ಟು, ಉಳಿದುದೆಷ್ಟು, ಹೋದುದೆಷ್ಟು ಎಂಬ ಲೆಕ್ಕ ಕೂಡಿಬರುವವರೆಗೆ ಆ ಅಂಕಿಗಳನ್ನು ಪ್ರಕಟಣೆಗೆ ಕಳುಹಿಸಬೇಡ.