ಖುಷ್ಕಿ ಜಮೀನಿನಲ್ಲಿ ಅಕ್ಕಡಿ ಬೇಸಾಯವೂ ದನಕುರಿಗಳ ಸಾಕಣೆಯೂ

ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಬಳಿಕ ಹೇಮಾವತಿಯ ನಾಲೆಗಳ ಕೆಳಗಣ ಭೂಮಿಗೆ ನೀರಿನ ಅನುಕೂಲವೊದಗಿತು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಎತ್ತರದ ಕೆಂಪು ಹೊಲಗಳಿಗೆ ಇಂದಿಗೂ ಮಳೆಯೇ ಆಧಾರ. ಇಂಥ ಭೂಮಿಯಲ್ಲಿ ಒಂದೇ ಪೈರನ್ನು ನಂಬುವುದು ಕ್ಷೇಮವಲ್ಲ.

ಒಂಟಿ ಬೆಳೆಯ ಅಪಾಯ.— ಹಾಸನದ ಸೀಮೆಯಲ್ಲಿ ಆಲೂಗೆಡ್ಡೆಯು ಹಣ ತರುವ ಬೆಳೆಯೆಂಬುದು ಸರಿಯೆ. ಆದರೆ ಮುಂಗಾರಿನಲ್ಲಿ ಮೋಡ ಮುಸುಕಿ ತಂಪು ಹವೆ ಬಿಡದೆ ನಿಂತರೆ, ಅಂಗಮಾರಿ ರೋಗವು ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. ಬಿತ್ತನೆಯ ಗೆಡ್ಡೆಯು ಪಂಜಾಬಿನಿಂದ ಬರುವುದರಿಂದ ಮೊದಲೇ ಹಣ ಹೂಡಿರಬೇಕಾಗುತ್ತದೆ. ಜಮೀನೆಲ್ಲವನ್ನೂ ಅದಕ್ಕೇ ಬಿಟ್ಟವನಿಗೆ ಆ ವರ್ಷ ಮನೆಗೆ ಕಾಳೂ ಇಲ್ಲ, ದನಕ್ಕೆ ಮೇವೂ ಇಲ್ಲ. ಉಳಿಯುವುದು ಸಾಲ ಮಾತ್ರ.

ಅಕ್ಕಡಿಯ ಕ್ರಮ.— ರಾಗಿಯೊಡನೆ ಅವರೆ, ತೊಗರಿ ಮೊದಲಾದವನ್ನು ಸಾಲುಸಾಲಾಗಿ ಬಿತ್ತುವ ಪದ್ಧತಿಯು ಪುರಾತನವಾದುದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಇದನ್ನು ಕಂಡು ಬರೆದಿರುವನು. ಕೂರಿಗೆಯಿಂದ ರಾಗಿಯನ್ನೂ, ಅದರ ಹಿಂದೆ ಕಟ್ಟಿದ ಸಡ್ಡೆಯಿಂದ ಅಕ್ಕಡಿ ಕಾಳನ್ನೂ ಬಿಡುವುದು ವಾಡಿಕೆ. ಎಂಟು ಸಾಲು ರಾಗಿಗೆ ತೊಗರಿಯಾದರೆ ಎರಡು ಸಾಲು, ಅವರೆಯಾದರೆ ಒಂದು ಸಾಲು ಇರತಕ್ಕದ್ದೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿದು ಅಲ್ಲಿಯ ತೇವವನ್ನು ಹೀರುತ್ತದೆ. ಹೀಗಾಗಿ ಒಂದರ ಅನ್ನವನ್ನು ಇನ್ನೊಂದು ಕಸಿಯುವುದು ಕಡಮೆ. ದ್ವಿದಳ ಪೈರುಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದಿಡುತ್ತವೆ. ಬೇರೂ ಉದುರಿದ ಎಲೆಯೂ ಕೊಳೆತಾಗ ಅದು ಮಣ್ಣಿಗೆ ಸೇರುತ್ತದೆ. ರಾಗಿ ಕುಯ್ದ ಮೇಲೆಯೂ ಅವರೆ ತೊಗರಿಗಳು ಹೊಲದಲ್ಲಿದ್ದು, ಹಿಂಗಾರು ಮಳೆಯ ಪ್ರಯೋಜನ ಪಡೆಯುತ್ತವೆ.

ಜೀವಿಗಳ ನೆರವು.— ಹೊಲದ ಅಂಚಿಗೆ ಹುಚ್ಚೆಳ್ಳು ಬಿತ್ತಿದರೆ ಅದರ ಹಳದಿ ಹೂವಿಗೆ ತುಡುವೆ ಜೇನು ಬರುತ್ತದೆ. ಪೈರುಗಳು ಬಗೆಬಗೆಯಾದಷ್ಟೂ ಕೀಡೆಯನ್ನು ತಿನ್ನುವ ಜೇಡ, ಗುಲಗಂಜಿ ಹುಳು ಮುಂತಾದವಕ್ಕೆ ಆಶ್ರಯ ದೊರೆಯುತ್ತದೆ. ತೊಗರಿ, ಜೋಳಗಳ ತುದಿಯಲ್ಲಿ ಕುಳಿತ ಕಾಜಾಣವು ಹುಳುಗಳನ್ನು ಹಿಡಿಯುವುದನ್ನು ರೈತರೆಲ್ಲರೂ ಬಲ್ಲರು. ಬದುವಿನ ಹೊಂಗೆಯನ್ನೂ ಲಕ್ಕಿಯ ಬೇಲಿಯನ್ನೂ ಕಡಿಯುವವನು ಈ ಕೂಲಿಯಿಲ್ಲದ ಆಳುಗಳನ್ನು ತಾನೇ ಓಡಿಸಿದಂತಾಗುವುದು.

ದನಕುರಿಗಳು.— ರಾಗಿಹುಲ್ಲು ಹಳ್ಳಿಕಾರ್ ಎತ್ತುಗಳಿಗೆ ಉತ್ತಮವಾದ ಮೇವು. ಅವರೆ ತೊಗರಿಗಳ ಹೊಟ್ಟು ಅದರೊಡನೆ ಸೇರಿದರೆ ಪುಷ್ಟಿ ಹೆಚ್ಚು. ಕೊಟ್ಟಿಗೆಯ ಗೊಬ್ಬರವು ತಿಪ್ಪೆಯಿಂದ ಹೊಲಕ್ಕೆ ಮರಳುತ್ತದೆ. ಕಟಾವಾದ ಹೊಲದಲ್ಲಿ ಕುರಿಮಂದೆಯನ್ನು ರಾತ್ರಿ ತಂಗಿಸಿದರೆ ಹಿಕ್ಕೆಯೊಡನೆ ಗಂಜಲವೂ ವ್ಯರ್ಥವಾಗದೆ ಮಣ್ಣಿಗಿಳಿಯುವುದು. ಮಂದೆ ಎದ್ದೊಡನೆ ತೆಳುವಾಗಿ ಉಳತಕ್ಕದ್ದು. ಇಲ್ಲವಾದರೆ ಬಿಸಿಲಿಗೆ ಸಾರವು ಆರಿಹೋಗುತ್ತದೆ.

ಒಂದು ಆಕ್ಷೇಪಣೆ.— ಅಕ್ಕಡಿ ಹೊಲದಲ್ಲಿ ಕುಯ್ಲು ಎರಡು ಮೂರು ಬಾರಿ ಆಗುವುದರಿಂದ ಕೂಲಿ ಹೆಚ್ಚು, ಕಟಾವಿನ ಯಂತ್ರಕ್ಕೂ ಅಡ್ಡಿ ಎಂದು ಹೇಳುವರು. ಇದು ನಿಜವೇ. ಆದುದರಿಂದ ಜಮೀನೆಲ್ಲವನ್ನೂ ಒಮ್ಮೆಗೇ ಮಾರ್ಪಡಿಸದೆ ಒಂದೆರಡು ಎಕರೆಯಲ್ಲಿ ಮಾಡಿ ನೋಡಿ, ನೆರೆಹೊರೆಯವರು ಮುಯ್ಯಾಳಿನಿಂದ ಕೆಲಸ ಸಾಗಿಸುವುದು ಮೇಲು. ಖರ್ಚನ್ನು ಲೆಕ್ಕಹಾಕುವಾಗ ಮನೆಗೆ ಬಂದ ಬೇಳೆ, ಎಣ್ಣೆ, ಮೇವು, ಗೊಬ್ಬರಗಳ ಬೆಲೆಯನ್ನೂ ಹಿಡಿಯಬೇಕು.

ಮುಖಂಡರ ಕರ್ತವ್ಯ.— ಗೋಮಾಳವಿಲ್ಲದ ಗ್ರಾಮದಲ್ಲಿ ದನಕುರಿ ನಿಲ್ಲವು. ನೂರು ರಾಸುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಗೋಮಾಳವನ್ನು ಮೀಸಲಿಡತಕ್ಕದ್ದೆಂದು 1966ರ ಭೂಕಂದಾಯ ನಿಯಮಗಳು ವಿಧಿಸಿವೆ. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪಂಚಾಯಿತಿಯಲ್ಲಿ ರಚಿತವಾಗುವ ಸಮಿತಿಯು ಊರಿನ ತಳಿಗಳನ್ನೂ ಗಿಡಮೂಲಿಕೆಗಳನ್ನೂ ದಾಖಲಿಸಬೇಕು. ಒತ್ತುವರಿಯನ್ನು ತಡೆಯುವುದೂ, ಮುದುಕರು ಕೆಮ್ಮಣ್ಣು ಕಟ್ಟಿ ಕಾಪಾಡಿದ ಅವರೆ ತೊಗರಿಯ ಬೀಜ ತಪ್ಪಿಹೋಗುವ ಮುನ್ನ ಹಂಚಿ ಬೆಳೆಸುವುದೂ ಮುಖಂಡರಿಂದಲೇ ಆಗಬೇಕಾದ ಕೆಲಸ. ದೊಡ್ಡ ಹಿಡುವಳಿದಾರರು ಮೊದಲು ಬಿತ್ತಿ ತೋರಿಸಿದರೆ ಸಣ್ಣ ರೈತರು ತಾವಾಗಿಯೇ ಅನುಸರಿಸುವರು.