ಪರೀಕ್ಷೆಗೆ ಒಂದೆಲಗ ಕೊಡಲೇ?

ಅಮ್ಮಾ, ಮಗನಿಗೆ ಒಂದೆಲಗ ಖಂಡಿತ ಕೊಡಿ. ಎಸ್ಸೆಸ್ಸೆಲ್ಸಿ ಅಂಕಗಳ ಹೊಣೆಯನ್ನು ಮಾತ್ರ ಆ ಪಾಪದ ಸೊಪ್ಪಿನ ಮೇಲೆ ಹೊರಿಸಬೇಡಿ. ಚರಕ ಸಂಹಿತೆ ಇದರ ರಸವನ್ನು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿ ಚುರುಕಾಗಿಸುವ ಔಷಧಿಗಳಲ್ಲಿ, ಸೇರಿಸಿರುವುದು ನಿಜ. ಆದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುವುದಕ್ಕೆ ಆಧುನಿಕ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಗಾಯ ಮಾಗಿಸುವ ಗುಣಕ್ಕೆ ಆಧಾರ ಇದಕ್ಕಿಂತ ಚೆನ್ನಾಗಿದೆ: ಎಲೆಯಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ ಕೊಲಾಜೆನ್ ಉತ್ಪತ್ತಿಗೆ ನೆರವಾಗುತ್ತದೆ.

ಬೆಳಿಗ್ಗೆ ಬರಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಸುವುದು ಬೇಡ. ನಮ್ಮ ಮಲೆನಾಡಿನವರ ತಂಬುಳಿಯೇ ಸರಿಯಾದ ದಾರಿ. ಒಂದು ಹಿಡಿ ಸೊಪ್ಪನ್ನು ಬೇರಿನ ಮಣ್ಣು ಹೋಗುವಷ್ಟು ತೊಳೆಯಿರಿ. ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪು, ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ. ಕುದಿಸಬೇಡಿ. ವಾರಕ್ಕೆ ಎರಡು ಸಲ ಸಾಕು.

ಅಡಿಕೆ ತೋಟದ ಕಾಲುವೆ ಬದಿಯಲ್ಲಿ ಕಿತ್ತದ್ದಾದರೆ ಅಲ್ಲಿ ಔಷಧಿ ಹೊಡೆದಿದ್ದಾರೆಯೇ ಎಂದು ವಿಚಾರಿಸಿ. ಚರಂಡಿ ಪಕ್ಕದ್ದು ಬೇಡವೇ ಬೇಡ. ಅಂಗಡಿಯ ಮಾತ್ರೆಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಇದರ ಮಾತ್ರೆ ವಾರಗಟ್ಟಲೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಕಾಮಾಲೆ ಆಗಿದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಔಷಧಿಯಾಗಿ ಸೇವಿಸಬಾರದು.

ಅಂದಹಾಗೆ, ಮಗ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತಾನೆ ಎಂದು ನೀವು ಬರೆದೇ ಇಲ್ಲ.