ಹೊಲಕ್ಕೆ ತೀರಿಸತಕ್ಕ ಸಾಲ

ವಾಚಕರೇ, ಕಣದಲ್ಲಿ ರಾಗಿಯ ರಾಶಿಯನ್ನು ಕಾಣುವಾಗ ಅದು ಎಲ್ಲಿಂದ ಬಂತೆಂದು ವಿಚಾರಿಸುವದು ಉಚಿತವಾಗಿದೆ. ಪೈರಿನ ಹೆಚ್ಚು ಪಾಲು ಗಾಳಿಯಿಂದಲೂ ನೀರಿನಿಂದಲೂ ಉಂಟಾದದ್ದು. ಆದರೆ ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದವುಗಳನ್ನು ಬೇರು ಮಣ್ಣಿನಿಂದಲೇ ಹೀರಿತು. ಕಾಳು ಮನೆಗೂ ಹುಲ್ಲು ಕೊಟ್ಟಿಗೆಗೂ ಹೋಗುವಾಗ ಇವೂ ಹೊಲವನ್ನು ಬಿಟ್ಟುಹೋಗುತ್ತವೆ. ಇದನ್ನು ನಾವು ಮಣ್ಣಿನಿಂದ ಪಡೆದ ಸಾಲವೆಂದೇ ಎಣಿಸತಕ್ಕದ್ದು.

ಅಡವಿಯಲ್ಲಿ ಈ ಸಾಲವು ತಾನಾಗಿ ತೀರುವದು. ಉದುರಿದ ಎಲೆಯನ್ನೂ ಸತ್ತ ಪ್ರಾಣಿಯನ್ನೂ ಎರೆಹುಳ, ಅಣಬೆ, ಸೂಕ್ಷ್ಮಜೀವಿಗಳು ಕರಗಿಸಿ ಪುನಃ ಬೇರುಗಳಿಗೆ ಒಪ್ಪಿಸುತ್ತವೆ. ಹೊಲದಲ್ಲಾದರೋ ಸಾಲ ತೀರಿಸತಕ್ಕವರು ನಾವೇ.

ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ರಂಜಕವೂ ಪೊಟ್ಯಾಷೂ ಬೂದಿಯಲ್ಲಿ ಉಳಿಯುತ್ತವೆ. ಸಾರಜನಕವಾದರೋ ಹೊಗೆಯೊಡನೆ ಹೋಗಿಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ರಾಗಿಯು ಅದನ್ನು ನೇರವಾಗಿ ಉಣ್ಣಲಾರದು. ಬಟಾಣಿಯಂಥ ಬೇಳೆಗಿಡಗಳು ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ ಅದನ್ನು ಗಾಳಿಯಿಂದ ಪಡೆಯುತ್ತವೆಂದು ಜರ್ಮನಿಯ ಹೆಲ್‌ರೀಗಲ್, ವಿಲ್‌ಫಾರ್ತ್ ಎಂಬ ಶಾಸ್ತ್ರಜ್ಞರು 1888ರಲ್ಲಿ ಪ್ರಕಟಿಸಿದರು. ಅವರೆ, ತೊಗರಿಗಳೂ ಅದೇ ಕುಲದವು. ಆದದರಿಂದ ರಾಗಿಯ ನಡುವೆ ಅವುಗಳನ್ನು ಅಕ್ಕಡಿಸಾಲಾಗಿ ಬಿತ್ತುವ ನಮ್ಮ ಹಿರಿಯರ ರೂಢಿಯು ಹೊಲಕ್ಕೂ ಹಿತವಾದದ್ದು.

ಸೌದೆಯಿಲ್ಲದವರು ಬೆರಣಿ ಉರಿಸದೆ ಒಲೆ ಹೊತ್ತಿಸುವದು ಹೇಗೆ ಎಂದು ಕೇಳುವದು ನ್ಯಾಯವೇ. ದನವುಳ್ಳವರಿಗೆ ಗೋಬರ್ ಗ್ಯಾಸಿನ ಗುಂಡಿಯು ಒಂದು ದಾರಿ: ಅದು ಒಲೆಗೆ ಉರಿಯನ್ನು ಕೊಟ್ಟು, ಸಾರಜನಕವನ್ನು ಬಗ್ಗಡದಲ್ಲಿ ಉಳಿಸುವದು. ಅದಿಲ್ಲದವರು ಬೂದಿಯನ್ನಾದರೂ ಚೆಲ್ಲದೆ ಹೊಲಕ್ಕೆ ಹಾಕಲಿ. ಅಕ್ಕಡಿಯ ಬೇರನ್ನೂ ಎಲೆಯನ್ನೂ ಮಣ್ಣಿಗೆ ಬಿಡಲಿ. ಕೊಟ್ಟ ಹೊಲಕ್ಕೆ ತಿರಿಗಿ ಕೊಡದವನು ತನ್ನ ಮಕ್ಕಳ ಅನ್ನವನ್ನೇ ಮುಂಗಡವಾಗಿ ಉಣ್ಣುತ್ತಾನೆ.